ಕಾಡುಹರಳಿನ ತಳಿಗಳು

ಹೊಲದ ಬೇಲಿಗಾಗಿ ರೈತರು ನೆಡುವ ಗಿಡಗಳಲ್ಲಿ ಕಾಡುಹರಳೂ ಒಂದು. ಸಸ್ಯಶಾಸ್ತ್ರಜ್ಞರು ಇದನ್ನು ಜಟ್ರೋಫ ಎಂದು ಕರೆಯುತ್ತಾರೆ. ಇದರ ಎಲೆಯನ್ನು ದನಕರುಗಳು ಮೇಯುವುದಿಲ್ಲ; ಬೀಜವು ವಿಷಯುಕ್ತವಾದುದು. ಆದರೆ ಆ ಬೀಜದ ತೂಕದಲ್ಲಿ ಸುಮಾರು ಮೂರರಲ್ಲೊಂದು ಪಾಲು ಎಣ್ಣೆಯಿರುತ್ತದೆ. ಈ ಎಣ್ಣೆಗೆ ಮೆಥನಾಲ್ ಮತ್ತು ಕ್ಷಾರವನ್ನು ಬೆರೆಸಿ ಕಾಯಿಸಿದರೆ ಗ್ಲಿಸರಿನ್ ಬೇರ್ಪಟ್ಟು ಜೈವಿಕ ಡೀಸೆಲ್ ದೊರೆಯುತ್ತದೆ.

ಭಾರತದಲ್ಲಿ 2003ರಲ್ಲಿ ಯೋಜನಾ ಆಯೋಗದ ಸಮಿತಿಯೊಂದು ಈ ಗಿಡವನ್ನು ವ್ಯಾಪಕವಾಗಿ ಬೆಳೆಸಬೇಕೆಂದು ಸಲಹೆ ಮಾಡಿತು. 2017ರ ವೇಳೆಗೆ ಡೀಸೆಲ್‌ನಲ್ಲಿ ಶೇಕಡ 20ರಷ್ಟು ಜೈವಿಕ ಇಂಧನವನ್ನು ಬೆರೆಸುವ ಗುರಿಯನ್ನು 2009ರ ರಾಷ್ಟ್ರೀಯ ನೀತಿಯು ಮುಂದಿಟ್ಟಿತು. ಆ ಗುರಿ ಕೈಗೂಡಲಿಲ್ಲ. ಗಿಡಗಳು ಬರಡು ನೆಲದಲ್ಲಿ ಬದುಕಿದರೂ ನಿರೀಕ್ಷಿಸಿದಷ್ಟು ಕಾಯಿ ಬಿಡಲಿಲ್ಲ. ಬದುಕುವುದು ಬೇರೆ, ಫಲ ಕೊಡುವುದು ಬೇರೆ. ನೀರು, ಗೊಬ್ಬರಗಳ ಕೊರತೆಯ ಜೊತೆಗೆ, ಪರೀಕ್ಷಿಸಿ ಆರಿಸಿದ ತಳಿಗಳಿಲ್ಲದುದೂ ಈ ಸೋಲಿಗೆ ಕಾರಣವಾಯಿತು.

ಹಾಗಾದರೆ ತಳಿಗಳನ್ನು ತುಲನೆ ಮಾಡುವ ಬಗೆ ಹೇಗೆ? ಎಣ್ಣೆಯ ಪ್ರಮಾಣವೊಂದನ್ನೇ ನೋಡಿದರೆ ಸಾಲದು. ಒಂದು ತಳಿಯ ಗಿಡ 1 ಕಿಲೋಗ್ರಾಂ ಬೀಜ ಕೊಡುತ್ತದೆ, ಅದರಲ್ಲಿ ಎಣ್ಣೆ ಶೇಕಡ 38 ಎಂದಿಟ್ಟುಕೊಳ್ಳೋಣ. ಇನ್ನೊಂದರ ಬೀಜ 2 ಕಿಲೋಗ್ರಾಂ, ಎಣ್ಣೆ ಶೇಕಡ 30. ಮೊದಲನೆಯದರಿಂದ ದೊರೆಯುವ ಎಣ್ಣೆ 380 ಗ್ರಾಂ. ಎರಡನೆಯದರಿಂದ 600 ಗ್ರಾಂ. ಕಾಡುಹರಳಿನ ಹೂಗೊಂಚಲಿನಲ್ಲಿ ಗಂಡುಹೂಗಳೇ ಬಹಳ, ಹೆಣ್ಣುಹೂಗಳು ಕೆಲವೇ. ಕಾಯಾಗುವುದು ಹೆಣ್ಣುಹೂ ಮಾತ್ರ. ಆದುದರಿಂದ ಹೆಣ್ಣುಹೂಗಳ ಸಂಖ್ಯೆಯನ್ನೂ ಎಣಿಸಬೇಕಾಗುತ್ತದೆ. ಹಿಂಡಿಯ ಗುಣವೂ ಮುಖ್ಯ. ವಿಷವುಳ್ಳ ಹಿಂಡಿ ಗೊಬ್ಬರಕ್ಕೆ ಸಲ್ಲುತ್ತದೆಯೇ ಹೊರತು ಹಾಗೆಯೇ ಮೇವಿಗೆ ಸಲ್ಲದು.

ಈ ಗಿಡದ ತವರು ಮೆಕ್ಸಿಕೋ ಮತ್ತು ಮಧ್ಯ ಅಮೆರಿಕ. ಅಲ್ಲಿಂದ ಪೋರ್ಚುಗೀಸರು ಇದನ್ನು ಆಫ್ರಿಕ, ಏಷ್ಯಗಳಿಗೆ ಹರಡಿದರೆಂದು ಹೇಳಲಾಗುತ್ತದೆ. ಏಷ್ಯ, ಆಫ್ರಿಕಗಳ ಗಿಡಗಳ ಅನುವಂಶಿಕ ಗುಣಗಳಲ್ಲಿ ವ್ಯತ್ಯಾಸ ಅತ್ಯಲ್ಪ. ತವರಿನಲ್ಲಾದರೋ ವೈವಿಧ್ಯ ಹೆಚ್ಚು. ಮೆಕ್ಸಿಕೋದ ಕೆಲವು ಕಡೆ ವಿಷವಿಲ್ಲದ ಬಗೆಯೂ ಉಂಟು. ಅದರ ಬೀಜಗಳನ್ನು ಜನರು ಹುರಿದು ತಿನ್ನುತ್ತಾರೆ. ಉತ್ತಮ ತಳಿಗಳನ್ನು ರೂಪಿಸಲು ಇಂತಹ ವೈವಿಧ್ಯವೇ ಮೂಲಧನ.

ತುಲನೆ ನ್ಯಾಯವಾಗಿರಬೇಕಾದರೆ ಎಲ್ಲ ತಳಿಗಳಿಗೂ ಒಂದೇ ಬಗೆಯ ಮಣ್ಣು, ನೀರು, ಅಂತರಗಳನ್ನು ಒದಗಿಸಬೇಕು. ಹಲವು ತಾಕುಗಳಲ್ಲಿ, ಹಲವು ವರ್ಷ ಇಳುವರಿಯನ್ನು ತೂಗಬೇಕು. ಬಹುವಾರ್ಷಿಕ ಗಿಡವನ್ನು ನೆಟ್ಟ ರೈತನು ತನ್ನ ನೆಲವನ್ನಷ್ಟೇ ಅಲ್ಲದೆ ಹಲವು ವರ್ಷಗಳ ದುಡಿಮೆಯನ್ನೂ ಅದಕ್ಕೆ ಒಪ್ಪಿಸುತ್ತಾನೆ. ಆತನ ಹೊಲಕ್ಕೆ ಬೀಜ ಸೇರುವ ಮೊದಲೇ ಪರೀಕ್ಷೆ ಮುಗಿದಿರಬೇಕಾದುದು ವಿಜ್ಞಾನದ ಹೊಣೆ.