ಠಾಣೆ ಖಾಡಿಯ ರಾಜಹಂಸಗಳು

ಮುಂಬಯಿಯ ಜನಸಂದಣಿಯಲ್ಲಿ ದಿನಗಳೆಯುವ ನಮಗೆ, ಈ ಮಹಾನಗರದ ಅಂಚಿನಲ್ಲಿಯೇ ಪಕ್ಷಿಗಳಿಗಾಗಿ ಮೀಸಲಾದ ಅಭಯಾರಣ್ಯವೊಂದಿದೆಯೆಂದರೆ ಸುಲಭವಾಗಿ ನಂಬಿಕೆ ಬಾರದು. ಆದರೆ ಚಳಿಗಾಲ ಕಾಲಿಟ್ಟ ಮೇಲೆ ಠಾಣೆಯ ಖಾಡಿಯತ್ತ ದೃಷ್ಟಿ ಹಾಯಿಸಿದವರಿಗೆ, ಕೆಸರಿನ ಮೇಲೆ ಗುಲಾಲು ಚೆಲ್ಲಿದಂತೆ ಸಾಲುಗಟ್ಟಿ ನಿಂತ ಸಹಸ್ರಾರು ರಾಜಹಂಸಗಳು ಕಾಣಸಿಗುತ್ತವೆ.

ಐರೋಲಿ ಹಾಗೂ ವಾಶಿ ಸೇತುವೆಗಳ ನಡುವಣ ಪಶ್ಚಿಮ ದಂಡೆಯ ಸುಮಾರು 1,690 ಹೆಕ್ಟೇರು ಪ್ರದೇಶವನ್ನು ಮಹಾರಾಷ್ಟ್ರ ಸರಕಾರವು 2015ರಲ್ಲಿ ಅಭಯಾರಣ್ಯವೆಂದು ಸಾರಿತು. 2022ರಲ್ಲಿ ಈ ಖಾಡಿಯು ಅಂತರರಾಷ್ಟ್ರೀಯ ಮಹತ್ವದ ರಾಮ್ಸಾರ್ ಜೌಗು ಪ್ರದೇಶಗಳ ಪಟ್ಟಿಗೂ ಸೇರಿತು.

ಇದರ ಅರ್ಧಕ್ಕಿಂತ ಹೆಚ್ಚಿನ ಭಾಗ ಕಾಂಡ್ಲಾ ವನ. ಕರಾವಳಿಯಿಂದ ಬಂದ ನಮ್ಮವರಿಗೆ ಈ ಗಿಡ ಹೊಸದಲ್ಲ. ಕೆಸರಿನಿಂದ ಮೇಲೆದ್ದ ಬೇರುಗಳಿಂದ ಉಸಿರಾಡುತ್ತ, ಅದು ದಂಡೆಯನ್ನು ಕೊರೆತದಿಂದ ಕಾಯುತ್ತದೆ. ಮೀನು ಸಿಗಡಿಗಳ ಮರಿಗಳಿಗೆ ಆಸರೆಯಾಗುತ್ತದೆ. ಸಮುದ್ರ ಇಳಿದಾಗ ಮೇಲೇಳುವ ಕೆಸರು ಬಯಲೇ ಹಕ್ಕಿಗಳ ಊಟದ ಪಂಕ್ತಿ. ಕಚ್ಛದ ರಣದಲ್ಲಿ ಮಣ್ಣಿನ ಗೂಡು ಕಟ್ಟಿ ಮರಿಮಾಡುವ ರಾಜಹಂಸಗಳು ಇಲ್ಲಿ ಕೊಕ್ಕನ್ನು ತಲೆಕೆಳಗಾಗಿಸಿ ನೀರನ್ನು ಸೋಸಿ, ಪಾಚಿ ಮತ್ತು ಸಣ್ಣ ಜಲಜೀವಿಗಳನ್ನು ತಿನ್ನುತ್ತವೆ. ಬೂದುಬಣ್ಣದ ಮರಿಗಳಿಗೆ ಕ್ರಮೇಣ ಗುಲಾಬಿ ರಂಗು ಬರುವುದು ಈ ಆಹಾರದಿಂದಲೇ. ನಗರದ ಕೊಳಚೆಯ ಸಾರವುಂಡು ಪಾಚಿಯು ಹುಲುಸಾಗುತ್ತದೆಂದು ತಜ್ಞರ ಅಭಿಪ್ರಾಯ. ಸೈಬೀರಿಯದಂತಹ ದೂರದ ಉತ್ತರ ದೇಶಗಳಿಂದ ಬರುವ ಗೊರವಗಳೂ ಇದೇ ಪಂಕ್ತಿಯಲ್ಲಿ ಹುಳುಗಳನ್ನು ಹೆಕ್ಕುತ್ತವೆ.

ಆದರೆ ಹಕ್ಕಿಗಳಿಗೆ ಸರಕಾರದ ಎಲ್ಲೆಕಟ್ಟು ತಿಳಿಯದು. ಉಬ್ಬರದಲ್ಲಿ ಖಾಡಿಯ ಬಯಲು ಮುಳುಗಿದಾಗ ಅವು ನವಿ ಮುಂಬಯಿಯ ಕೆರೆಗಳಿಗೆ ಹಾರಿಹೋಗಿ ವಿಶ್ರಮಿಸುತ್ತವೆ. ಅಭಯಾರಣ್ಯದ ಹೊರಗಿರುವ ಅಂಥ ಕೆರೆಗಳಿಗೆ ಸಮುದ್ರದ ನೀರು ಬರುವ ದಾರಿ ಕಟ್ಟಿದರೆ ಅವುಗಳ ತಂಗುದಾಣವೇ ಇಲ್ಲವಾಗುತ್ತದೆ. ಶಿವಡಿಯ ಕೆಸರು ಬಯಲಿನ ಮೇಲೆ ಹಾದ ಸಾಗರಸೇತುವೆಯು 2024ರ ಜನವರಿಯಲ್ಲಿ ಸಂಚಾರಕ್ಕೆ ತೆರೆಯಿತು. ಅದೇ ವರ್ಷದ ಮೇ ತಿಂಗಳಲ್ಲಿ ಘಾಟ್ಕೋಪರದ ಬಳಿ ವಿಮಾನವೊಂದಕ್ಕೆ ಸಿಲುಕಿ ಮೂವತ್ತಕ್ಕೂ ಹೆಚ್ಚು ರಾಜಹಂಸಗಳು ಸತ್ತುಬಿದ್ದವು. ನಗರಕ್ಕೆ ಸೇತುವೆಯೂ ಬೇಕು, ವಿಮಾನವೂ ಬೇಕು. ಆದರೆ ಖಾಡಿಯನ್ನು ಕಾದು, ಸುತ್ತಲ ಕೆರೆಗಳನ್ನು ಬತ್ತಲು ಬಿಟ್ಟರೆ ಅದು ಅರ್ಧ ರಕ್ಷಣೆ ಮಾತ್ರ.

ವಾರದ ರಜೆಯಂದು ಹಾರ್ಬರ್ ಲೈನಿನ ಗಾಡಿ ಹಿಡಿದು ಶಿವಡಿಯಲ್ಲಿ ಇಳಿದರೆ ಸಾಕು. ಉಬ್ಬರದ ವೇಳೆಯನ್ನು ಮೊದಲೇ ತಿಳಿದುಕೊಂಡು, ನೀರು ಏರುತ್ತಿರುವಾಗ ಹೋದವರಿಗೆ ಹಕ್ಕಿಗಳು ದಂಡೆಯ ಸಮೀಪದಲ್ಲಿಯೇ ಕಾಣುವುವು. ಐರೋಲಿಯಲ್ಲಿ ಅರಣ್ಯ ಇಲಾಖೆಯ ದೋಣಿಯ ಏರ್ಪಾಡೂ ಉಂಟು. ಮಕ್ಕಳನ್ನೂ ಕರೆದೊಯ್ಯಿರಿ, ಗದ್ದಲ ಮಾಡದೆ, ಕಸ ಚೆಲ್ಲದೆ ನೋಡಿ ಬನ್ನಿರಿ. ಹೊಟ್ಟೆಪಾಡಿಗಾಗಿ ಊರು ಬಿಟ್ಟು ಬಂದವರಿಗೆ ತಂಗಲೊಂದು ಎಡೆ ಎಷ್ಟು ಮುಖ್ಯವೆಂಬುದನ್ನು ನಮಗೆ ಯಾರೂ ಕಲಿಸಬೇಕಾಗಿಲ್ಲ.