ಹಸಿರಾಗಿ ಹೊಳೆದ ನರತಂತುಗಳು

ವೈದ್ಯಕೀಯ ಕಾಲೇಜಿನ ಅಂಗರಚನಾ ವಿಭಾಗಕ್ಕೆ ಕಾಲಿಟ್ಟವರಿಗೆಲ್ಲ ಫಾರ್ಮಾಲಿನ್ ಘಾಟು ಗೊತ್ತು. ಅದರಲ್ಲಿರುವ ಫಾರ್ಮಾಲ್ಡಿಹೈಡ್ ಹೆಣ ಕೆಡದಂತೆ ಕಾಯುತ್ತದೆ. ಮಿದುಳಿನೊಳಗಿನ ರಾಸಾಯನಿಕ ದಾರಿಗಳನ್ನು ಮನುಷ್ಯನ ಕಣ್ಣಿಗೆ ತೋರಿಸಿಕೊಟ್ಟದ್ದೂ ಅದೇ ಅನಿಲ.

ನರಕೋಶಗಳ ಆಕಾರವೇನೋ ಮೊದಲೇ ಕಂಡಿತ್ತು. 1873ರಲ್ಲಿ ಇಟಲಿಯ ಕ್ಯಾಮಿಲೊ ಗಾಲ್ಜಿ ಬೆಳ್ಳಿಯ ಲವಣದಿಂದ ಅವಕ್ಕೆ ಕಪ್ಪು ಬಣ್ಣ ಹಿಡಿಸಿದ್ದರು. ಆದರೆ ಯಾವ ತಂತು ಯಾವ ರಾಸಾಯನಿಕವನ್ನು ಸುರಿಸಿ ಪಕ್ಕದ ಕೋಶಕ್ಕೆ ಸುದ್ದಿ ಮುಟ್ಟಿಸುತ್ತದೆ ಎಂಬುದನ್ನು ಆ ಕಪ್ಪು ಹೇಳುತ್ತಿರಲಿಲ್ಲ. ಮಿದುಳನ್ನು ಅರೆದು ಪರೀಕ್ಷಿಸಿದರೆ ಡೋಪಮಿನ್ ಎಂಬ ರಾಸಾಯನಿಕ ಎಷ್ಟಿದೆ ಎಂದು ತಿಳಿಯುತ್ತಿತ್ತು, ಯಾವ ಕೋಶದಲ್ಲಿದೆ ಎಂದಲ್ಲ. ಹಾಗಾಗಿ ಅದು ಸುದ್ದಿ ಮುಟ್ಟಿಸುವ ನರಪ್ರೇಷಕವೇ ಎಂಬ ಅನುಮಾನ 1960ರ ಹೊತ್ತಿಗೂ ಹಲವರಲ್ಲಿ ಉಳಿದಿತ್ತು.

ಅನುಮಾನ ನೀಗಿದ್ದು ಸ್ವೀಡನ್ನಿನಲ್ಲಿ. ಬೆಂಗ್ಟ್ ಫಾಲ್ಕ್ ಮತ್ತು ನಿಲ್ಸ್-ಓಕೆ ಹಿಲಾರ್ಪ್ 1962ರಲ್ಲಿ ಪ್ರಕಟಿಸಿದ ವಿಧಾನ ನೋಡಲು ಸರಳ. ಅಂಗಾಂಶವನ್ನು ಥಟ್ಟನೆ ಹೆಪ್ಪುಗಟ್ಟಿಸಿ, ಹಾಗೇ ಒಣಗಿಸಿ, ಬಿಸಿ ಫಾರ್ಮಾಲ್ಡಿಹೈಡ್ ಆವಿಗೆ ಒಡ್ಡಬೇಕು. ಒಣಗಿಸದಿದ್ದರೆ ಡೋಪಮಿನ್‌ನಂಥ ಪುಟ್ಟ ಅಣುಗಳು ನೀರಿನಲ್ಲಿ ಕರಗಿ ಜಾಗ ಬಿಟ್ಟು ಹೋಗುತ್ತವೆ. ಆಮೇಲೆ ಸೂಕ್ಷ್ಮದರ್ಶಕದಡಿ ತಕ್ಕ ಬೆಳಕು ಬಿಟ್ಟರೆ, ಡೋಪಮಿನ್ ಮತ್ತು ನಾರ್‌ಅಡ್ರಿನಲಿನ್ ಇರುವ ಕಡೆ ಹಸಿರು, ಸೆರೊಟೊನಿನ್ ಇರುವ ಕಡೆ ಹಳದಿ! ಹಳದಿ ಮಾತ್ರ ನೋಡುತ್ತಿದ್ದಂತೆಯೇ ಮಾಸುತ್ತಿತ್ತು.

ಹಿಲಾರ್ಪ್ ಅವರ ವಿದ್ಯಾರ್ಥಿಗಳಾದ ಆನಿಕಾ ಡಾಲ್‌ಸ್ಟ್ರೋಮ್ ಮತ್ತು ಶೆಲ್ ಫುಕ್ಸೆ ಇಲಿಯ ಮಿದುಳಿಡೀ ಹುಡುಕಿ, 1964ರಲ್ಲಿ ಹಸಿರು ಗುಂಪುಗಳಿಗೆ ಎ1ರಿಂದ ಎ12, ಹಳದಿಗೆ ಬಿ1ರಿಂದ ಬಿ9 ಎಂದು ಹೆಸರಿಟ್ಟರು. ತಂತುವನ್ನು ಕತ್ತರಿಸಿದರೆ ಕೋಶದ ಕಡೆಯ ತುದಿಯಲ್ಲಿ ಹೊಳಪು ಕಟ್ಟೆ ಕಟ್ಟಿದಂತೆ ತುಂಬಿಕೊಳ್ಳುತ್ತಿತ್ತು, ಆಚೆ ಕಡೆ ಕೆಲವು ದಿನಗಳಲ್ಲಿ ಆರಿಹೋಗುತ್ತಿತ್ತು. ಯಾವ ದಾರಿ ಎಲ್ಲಿಗೆ ಹೋಗುತ್ತದೆಂದು ಪತ್ತೆಹಚ್ಚಿದ್ದು ಹೀಗೆ.

ನನಗೆ ಎಲ್ಲಕ್ಕಿಂತ ದೊಡ್ಡ ವಿಸ್ಮಯ ಎ6. ಮಿದುಳಕಾಂಡದ ಈ ಗುಂಪಿನಲ್ಲಿ ಮನುಷ್ಯನಿಗಿರುವುದು ಸುಮಾರು 50,000 ನರಕೋಶ. ಇಡೀ ಮಿದುಳಿನಲ್ಲಿ ಸುಮಾರು 8,600 ಕೋಟಿ. ಆದರೂ ಎ6ರ ತಂತುಗಳು, ಮಣಿ ಪೋಣಿಸಿದ ದಾರದಂತೆ, ಮಿದುಳಿನ ಹೊರಪದರದಿಂದ ಬೆನ್ನುಹುರಿಯವರೆಗೆ ಹರಡಿವೆ. ನಾರ್‌ಅಡ್ರಿನಲಿನ್ ತುಂಬಿರುವುದು ಆ ಮಣಿಗಳಲ್ಲಿ. ನಿದ್ದೆಯಿಂದ ಎಚ್ಚರಕ್ಕೆ ನಮ್ಮನ್ನು ತರುವಲ್ಲಿ ಈ ಹಿಡಿಯಷ್ಟು ಕೋಶಗಳ ಪಾಲು ದೊಡ್ಡದು. ಇನ್ನು ಎ9 ಗುಂಪಿನ ಕೋಶಗಳು ಸತ್ತಾಗ ಬರುವುದೇ ಪಾರ್ಕಿನ್ಸನ್ ಕಾಯಿಲೆಯ ನಡುಕ, ಬಿಗಿತ.

ಹಿಲಾರ್ಪ್ 1965ರಲ್ಲಿ, 48ನೆಯ ವಯಸ್ಸಿನಲ್ಲೇ ತೀರಿಕೊಂಡರು. ಅವರ ವಿದ್ಯಾರ್ಥಿಗಳು ಇಟ್ಟ ಎ9, ಎ10 ಎಂಬ ಹೆಸರುಗಳನ್ನೇ ನರವಿಜ್ಞಾನಿಗಳು ಇಂದಿಗೂ ಬಳಸುತ್ತಿದ್ದಾರೆ.