ಮರಿಯನ್ನು ತರುವ ಮುನ್ನ ಮನೆಯನ್ನು ನೋಡೋಣ



ಮನೆಯಲ್ಲಿ ಒಂದು ನಾಯಿಮರಿಯನ್ನೋ ಬೆಕ್ಕಿನ ಮರಿಯನ್ನೋ ಸಾಕಬೇಕೆಂಬ ಆಸೆ ನಿಮ್ಮಲ್ಲಿ ಅನೇಕರಿಗೆ ಇದ್ದೇ ಇರುತ್ತದೆ. ಆಸೆ ಒಳ್ಳೆಯದೇ. ಆದರೆ ಸಾಮಾನ್ಯವಾಗಿ ನಾವು ಮರಿಯ ಮುಖ ನೋಡಿ ಮರುಳಾಗುತ್ತೇವೆ. ನಮ್ಮ ಮನೆಯನ್ನು ನೋಡಿಕೊಳ್ಳುವುದಿಲ್ಲ. ಇದರ ಫಲವನ್ನು ಅನುಭವಿಸುವುದು ಆ ಮೂಕಪ್ರಾಣಿ.

ಉಚ್ಚಿಲವನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಉಡುಪಿ ಜಿಲ್ಲೆಯಲ್ಲಿ ಕಾಪು ಮತ್ತು ಪಡುಬಿದ್ರಿಗಳ ನಡುವೆ ಇರುವ ಊರು ಇದು. ಪಶ್ಚಿಮಕ್ಕೆ ಅರಬ್ಬೀ ಸಮುದ್ರ, ಊರಿನ ನಡುವೆಯೇ ರಾಷ್ಟ್ರೀಯ ಹೆದ್ದಾರಿ 66. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿರುಮಳೆ, ಏಪ್ರಿಲ್, ಮೇ ತಿಂಗಳಲ್ಲಿ ಮೈಯೆಲ್ಲ ಬೆವರುವ ಸೆಕೆ. ಇಲ್ಲಿನ ಮಕ್ಕಳು ಓದಿಗಾಗಿ ಮಣಿಪಾಲಕ್ಕೋ ಮಂಗಳೂರಿಗೋ, ದುಡಿಮೆಗಾಗಿ ಮುಂಬಯಿಗೋ ಕೊಲ್ಲಿ ದೇಶಗಳಿಗೋ ಹೋಗುವುದು ವಾಡಿಕೆ. ರಸ್ತೆ, ಮಳೆ, ಸೆಕೆ, ವಲಸೆ, ಈ ನಾಲ್ಕೂ ನೀವು ತರುವ ಮರಿಯ ಬದುಕನ್ನು ನಿರ್ಧರಿಸುತ್ತವೆ.

ಮೊದಲು ವರ್ಷಗಳ ಲೆಕ್ಕ

ನಾಯಿಯ ಆಯುಷ್ಯ ಸಾಮಾನ್ಯವಾಗಿ 10ರಿಂದ 13 ವರ್ಷ. ಚೆನ್ನಾಗಿ ಸಾಕಿದ ಬೆಕ್ಕು 12ರಿಂದ 15 ವರ್ಷ ಬಾಳುತ್ತದೆ. ನೀವೀಗ ಒಂಬತ್ತನೆಯ ತರಗತಿಯಲ್ಲಿ ಇದ್ದೀರಿ, ವಯಸ್ಸು 14 ಎಂದಿಟ್ಟುಕೊಳ್ಳಿ. ನೀವು ಪದವಿ ಕಾಲೇಜಿಗೆ ಸೇರುವಾಗ ನಿಮ್ಮ ನಾಯಿಗೆ ನಾಲ್ಕು ವರ್ಷ. ನೀವು 22ರಲ್ಲಿ ಕೆಲಸಕ್ಕೆಂದು ಊರು ಬಿಡುವಾಗ ಅದಕ್ಕೆ ಎಂಟು ವರ್ಷ. ಅಂದರೆ ಮುಪ್ಪು ಹತ್ತಿರವಾಗಿ ಆರೈಕೆ ಹೆಚ್ಚಾಗಿ ಬೇಕಾಗುವ ಹೊತ್ತಿಗೆ ನೀವು ಮನೆಯಲ್ಲಿ ಇರುವುದಿಲ್ಲ!

ಆದುದರಿಂದ ಅಪ್ಪ, ಅಮ್ಮ, ಅಜ್ಜಿ ಎಲ್ಲರನ್ನೂ ಕೂರಿಸಿಕೊಂಡು ಕೇಳಿ: "ನಾನು ಹಾಸ್ಟೆಲಿಗೆ ಹೋದರೆ ಇದಕ್ಕೆ ಅನ್ನ ಹಾಕುವವರು ಯಾರು? ಕಾಯಿಲೆ ಬಿದ್ದರೆ ಪಶು ಆಸ್ಪತ್ರೆಗೆ ಕರೆದೊಯ್ಯುವವರು ಯಾರು? ಖರ್ಚು ಯಾರದು?" ಮೊಣಕಾಲು ನೋವಿನ ಅಜ್ಜಿಯ ಕೈಗೆ ಎಳೆದಾಡುವ ದೊಡ್ಡ ನಾಯಿಯ ಸರಪಣಿ ಕೊಟ್ಟು ಹೋಗುವುದು ನ್ಯಾಯವಲ್ಲ. ಸರಿಯಾದ ಉತ್ತರ ಸಿಗದಿದ್ದರೆ ಮರಿಯನ್ನು ತರದಿರುವುದೇ ನಿಜವಾದ ಪ್ರಾಣಿಪ್ರೀತಿ.

ಸಾಕಲಾಗದೆಂದು ಮರಿಯನ್ನು ಗೋಣಿಯಲ್ಲಿ ತುಂಬಿ ಮಾರುಕಟ್ಟೆಯ ಬಳಿಯೋ ಹೆದ್ದಾರಿಯ ಬದಿಯಲ್ಲೋ ಬಿಟ್ಟುಬರುವವರಿದ್ದಾರೆ. ಹಸಿವು, ಬಾಯಾರಿಕೆಗಳಿಂದ ನರಳುವಂತೆ ಪ್ರಾಣಿಯನ್ನು ತೊರೆಯುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ ಎಂಬುದು ನಿಮಗೆ ತಿಳಿದಿರಲಿ.

ಯಾವುದನ್ನು ಆರಿಸಬೇಕು?

ನಾಯಿಯು ನಮ್ಮಂತೆ ಮೈತುಂಬ ಬೆವರುವುದಿಲ್ಲ. ಮುಖ್ಯವಾಗಿ ನಾಲಿಗೆ ಚಾಚಿ ಏದುಸಿರು ಬಿಟ್ಟು ದೇಹದ ಬಿಸಿಯನ್ನು ಹೊರಹಾಕುತ್ತದೆ. ಗಾಳಿಯಲ್ಲಿ ತೇವ ಹೆಚ್ಚಿರುವ ಕರಾವಳಿಯಲ್ಲಿ ಈ ಉಪಾಯ ಅಷ್ಟಾಗಿ ಫಲಿಸದು. ಸೈಬೀರಿಯದ ಹಿಮಕ್ಕೆ ಹೊಂದಿಕೊಂಡ, ಎರಡು ಪದರ ಕೂದಲಿನ ಹಸ್ಕಿ ನಾಯಿಗೆ ನಮ್ಮ ಏಪ್ರಿಲ್ ತಿಂಗಳು ಶಿಕ್ಷೆಯೇ ಸರಿ. ಚಪ್ಪಟೆ ಮೂಗಿನ ಪಗ್ ನಾಯಿಗೂ ಸೆಕೆಯಲ್ಲಿ ಉಸಿರಾಟ ಕಷ್ಟ.

ಹಾಗಾದರೆ ನಮ್ಮ ರಾಜ್ಯದ ಹೆಮ್ಮೆಯ ಮುಧೋಳ ನಾಯಿ ಆಗಬಹುದೇ? 2005ರಲ್ಲಿ ಅಂಚೆಚೀಟಿಯ ಮೇಲೆ ಕಾಣಿಸಿಕೊಂಡ ತಳಿ ಅದು. ಕೂದಲು ಗಿಡ್ಡ, ಸೆಕೆಯ ಚಿಂತೆ ಕಡಿಮೆ. ಆದರೆ ಅದು ಬಾಗಲಕೋಟೆಯ ಬಯಲಿನಲ್ಲಿ ಬೇಟೆಗಾಗಿ ಬೆಳೆಸಿದ ಓಟದ ನಾಯಿ. ಐದು ಸೆಂಟ್ಸ್ ಜಾಗದಲ್ಲಿ, ಹೆದ್ದಾರಿಯ ಪಕ್ಕದಲ್ಲಿ ಅದನ್ನು ಕಟ್ಟಿಹಾಕುವುದು ತರವಲ್ಲ.

ಹೆಚ್ಚಿನ ಮನೆಗಳಿಗೆ ಹೊಂದುವುದು ನಮ್ಮ ಊರ ನಾಯಿಯ ಮರಿ. ಇಲ್ಲಿನ ಹವೆಯಲ್ಲಿಯೇ ಹುಟ್ಟಿ ಬೆಳೆದದ್ದು, ಬುದ್ಧಿಯಲ್ಲಿ ಯಾವ ತಳಿಗೂ ಕಡಿಮೆಯಲ್ಲ. ಮರಿಗೆ ಎಂಟು ವಾರ ತುಂಬುವ ಮೊದಲು ಅದನ್ನು ತಾಯಿಯಿಂದ ಅಗಲಿಸಬೇಡಿ. ಕಣ್ಣಿನಲ್ಲಿ ಕೀವು ಇಲ್ಲದ, ಭೇದಿ ಇಲ್ಲದ, ಕರೆದರೆ ಓಡಿಬರುವ ಮರಿಯನ್ನು ಆರಿಸಿ. ಮನೆಯವರು ದಿನವಿಡೀ ಹೊರಗೆ ದುಡಿಯುವವರಾದರೆ ಬೆಕ್ಕು ಉತ್ತಮ.

ಗಿಳಿ ಮತ್ತು ನಕ್ಷತ್ರ ಆಮೆಗಳನ್ನು ಮಾತ್ರ ತರಲೇಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅವುಗಳನ್ನು ಹಿಡಿದು ಪಂಜರದಲ್ಲಿ ಇಡುವುದು ಅಪರಾಧ.

ಮನೆಯ ಸಿದ್ಧತೆ

ಮೊದಲು ಗೇಟು ಮತ್ತು ಬೇಲಿಯನ್ನು ಪರೀಕ್ಷಿಸಿ. ಮರಿ ನುಸುಳುವಷ್ಟು ಸಂದು ಇದ್ದರೆ ಮುಚ್ಚಿ. ಅಂಗಳದ ಬಾವಿಗೆ ಕಟ್ಟೆ ಇಲ್ಲದಿದ್ದರೆ ಕಟ್ಟಿಸಿ, ಮೇಲೆ ಬಲೆ ಹಾಸಿ. ಕಾರ್ಕಳದಂತಹ ಕಾಡಂಚಿನ ಊರುಗಳಲ್ಲಿ ಚಿರತೆಯ ಭಯವಿರುವುದರಿಂದ ರಾತ್ರಿ ನಾಯಿಯನ್ನು ಹೊರಗೆ ಬಿಡದೆ ಒಳಗೆ ಮಲಗಿಸುವುದು ಕ್ಷೇಮ.

ಮಲಗುವ ಜಾಗ ಮಳೆಯ ಎರಚಲು ಬೀಳದ ಜಗಲಿಯ ಮೂಲೆಯಾಗಿರಲಿ. ನೆಲದ ಥಂಡಿ ತಾಗದಂತೆ ಹಲಗೆ ಇಟ್ಟು ಅದರ ಮೇಲೆ ಗೋಣಿ ಹಾಸಿ, ಗೋಣಿಯನ್ನು ಆಗಾಗ ಒಣಗಿಸಿ. ಮಳೆಗಾಲದಲ್ಲಿ ಒದ್ದೆ ಮೈಯನ್ನು, ಮುಖ್ಯವಾಗಿ ಕಿವಿ ಮತ್ತು ಬೆರಳುಗಳ ಸಂದುಗಳನ್ನು ಒರೆಸಬೇಕು. ಇಲ್ಲವಾದರೆ ಚರ್ಮರೋಗ ಖಂಡಿತ. ಉಣ್ಣಿಗಳಿವೆಯೇ ಎಂದು ವಾರಕ್ಕೊಮ್ಮೆ ನೋಡಿ.

ಇಲಿಪಾಷಾಣ, ಫಿನೈಲು, ಮಾತ್ರೆಗಳನ್ನು ಎತ್ತರದಲ್ಲಿಡಿ. ನಾವು ಜ್ವರಕ್ಕೆ ನುಂಗುವ ಪ್ಯಾರಾಸಿಟಮಾಲ್ ಮಾತ್ರೆ ಒಂದೇ ಸಾಕು, ಬೆಕ್ಕಿನ ಪ್ರಾಣ ಹೋಗಬಹುದು. ಚಾಕೊಲೇಟು, ಈರುಳ್ಳಿ, ದ್ರಾಕ್ಷಿ ನಾಯಿಗೆ ವಿಷ. ಅನ್ನದೊಂದಿಗೆ ಮೀನು ಕೊಡುವಾಗ ಮುಳ್ಳು ತೆಗೆದು ಕೊಡಿ. ಉಪ್ಪು, ಖಾರ, ಮಸಾಲೆ ಬೇಡ. ಬೆಕ್ಕಿಗೆ ಹಾಲೇ ಆಹಾರ ಎಂಬ ನಂಬಿಕೆ ಸರಿಯಲ್ಲ. ಬೆಳೆದ ಬೆಕ್ಕುಗಳಲ್ಲಿ ಹಲವಕ್ಕೆ ಹಾಲು ಜೀರ್ಣವಾಗುವುದಿಲ್ಲ.

ಲಸಿಕೆ: ನಮಗೂ ರಕ್ಷೆ, ಅದಕ್ಕೂ ರಕ್ಷೆ

ಮರಿಯನ್ನು ತಂದ ವಾರದೊಳಗೆ ಪಶುವೈದ್ಯರಿಗೆ ತೋರಿಸಿ, ಜಂತುಹುಳದ ಔಷಧ ಕೊಡಿಸಿ. ನಾಯಿಮರಿಗೆ ಆರರಿಂದ ಎಂಟು ವಾರದಲ್ಲಿ ಪಾರ್ವೊ ಮತ್ತು ಡಿಸ್ಟೆಂಪರ್ ರೋಗಗಳ ಲಸಿಕೆ ಆರಂಭವಾಗಬೇಕು. ಮೂರು ತಿಂಗಳು ತುಂಬಿದಾಗ ರೇಬೀಸ್ ಅಂದರೆ ಹುಚ್ಚುನಾಯಿ ರೋಗದ ಲಸಿಕೆ. ಮುಂದಿನ ಲಸಿಕೆಗಳು ವೈದ್ಯರು ಹೇಳಿದ ದಿನಕ್ಕೆ ತಪ್ಪಬಾರದು. ಕರಾವಳಿಯ ಮಳೆಗಾಲದಲ್ಲಿ ಕಾಡುವ ಇಲಿಜ್ವರ ನಾಯಿಗಳಿಗೂ ತಗಲುತ್ತದೆ, ಅವುಗಳ ಮೂತ್ರದಿಂದ ನಮಗೂ ಹರಡಬಲ್ಲದು. ಅದಕ್ಕೂ ಲಸಿಕೆ ಇದೆ. ಮರಿಗಳನ್ನು ಸಾಕಲು ಆಗದವರು ಸಕಾಲದಲ್ಲಿ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಬೇಕು.

ಫ್ರಾನ್ಸಿನ ಲೂಯಿ ಪ್ಯಾಸ್ಟರ್ 1885ರಲ್ಲಿ ಹುಚ್ಚುನಾಯಿ ಕಚ್ಚಿದ್ದ ಒಂಬತ್ತು ವರ್ಷದ ಬಾಲಕನೊಬ್ಬನಿಗೆ ಮೊದಲ ಬಾರಿಗೆ ರೇಬೀಸ್ ಲಸಿಕೆ ಕೊಟ್ಟು ಉಳಿಸಿದರು. ಆದರೆ ರೋಗದ ಲಕ್ಷಣಗಳು ಕಾಣಿಸಿಕೊಂಡ ಮೇಲೆ ಬದುಕಿಸುವ ಚಿಕಿತ್ಸೆ ಇಂದಿಗೂ ಇಲ್ಲವೆಂದೇ ಹೇಳಬೇಕು. ಆದ್ದರಿಂದ ಯಾವುದೇ ನಾಯಿ, ಬೆಕ್ಕು ಕಚ್ಚಿದರೆ ಅಥವಾ ಪರಚಿ ಗಾಯವಾದರೆ, ಅದು ನಮ್ಮದೇ ಮನೆಯದಾದರೂ, ಗಾಯವನ್ನು ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ 15 ನಿಮಿಷ ತೊಳೆಯಿರಿ. ಸುಣ್ಣ, ಅರಿಸಿನ, ಮೆಣಸಿನಪುಡಿ ಏನನ್ನೂ ಹಚ್ಚಬೇಡಿ. ಕೂಡಲೇ ಆಸ್ಪತ್ರೆಗೆ ಹೋಗಿ. ಬೈಗುಳಕ್ಕೆ ಹೆದರಿ ಮನೆಯವರಿಂದ ಮುಚ್ಚಿಡುವುದು ಜೀವಕ್ಕೇ ಅಪಾಯ.

ಬೇಲಿ, ಬಾವಿ, ಮಲಗುವ ಜಾಗ ಎಲ್ಲವೂ ಸಿದ್ಧವಾಗಿ, ನೀವಿಲ್ಲದ ದಿನಗಳಿಗೆ ಒಬ್ಬರು ಒಪ್ಪಿಕೊಂಡ ಬಳಿಕ ಮರಿಯನ್ನು ತನ್ನಿ. ತಂದ ಮೇಲೆ ಒಂದೆರಡು ದಿನ ಅದು ತಾಯಿಯನ್ನು ನೆನೆದು ರಾತ್ರಿ ಅಳುತ್ತದೆ. ಆಗ ಗದರಿಸದೆ ಹತ್ತಿರ ಕುಳಿತು ಮೈದಡವಿ.